ನೀರು ಕುಡಿಯಲೊಲ್ಲದ ಪೀರಮ್ಮ

ಮೊಗುಡಂಪಲ್ಲಿಯ ಸುತ್ತಮುತ್ತ ಪೀರಮ್ಮನ ಜೊತೆ ಮಾತು ಬಿಟ್ಟವರನ್ನು ಹುಡುಕಬೇಕಾಗಿಲ್ಲ, ಯಾವ ಕಟ್ಟೆಗೆ ಹೋದರೂ ಸಿಗುತ್ತಾರೆ. ಮಾತು ಬಿಡದವರನ್ನು ನೋಡಬೇಕೆಂದರೆ ಅವಳ ಕುರಿಹಟ್ಟಿಗೇ ಹೋಗಬೇಕು. ಕುರಿಗಳಿಗೆ ಬೇರೆ ದಾರಿಯಿಲ್ಲ.

ಈ ಜಗಳಗಂಟಿತನ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ, ದುಡಿದು ಗಳಿಸಿದ್ದು. ಗಂಡ ಹಣಮಂತರಾಯ ಸತ್ತಾಗ ಮಗ ಮೌನೇಶ ಇನ್ನೂ ತೊಡೆಯ ಮೇಲಿನ ಕೂಸು. ಮಣ್ಣು ಮಾಡಿ ಬಂದವರು ಕಾಲು ತೊಳೆಯುವ ಮೊದಲೇ ಭಾವಂದಿರು ಕುರಿ ಹಂಚಿಕೊಳ್ಳಲು ಹಟ್ಟಿಯ ಬಾಗಿಲಿಗೆ ಬಂದರು. ಪೀರಮ್ಮ ಕೋಲು ಅಡ್ಡ ಹಿಡಿದು ನಿಂತು, ಅವರ ಮನೆಯ ಅಟ್ಟದ ಮೇಲಿನ ಗುಟ್ಟನ್ನೂ ಬಿಡದೆ ಊರಿಗೆಲ್ಲ ಕೇಳುವಂತೆ ಹರವಿದಳು. ಹೊತ್ತು ಇಳಿಯುವಷ್ಟರಲ್ಲಿ ಭಾವಂದಿರು ಜಾಗ ಬಿಟ್ಟಿದ್ದರು. ತನಗಿರುವ ಆಸ್ತಿ ಕುರಿ ಮತ್ತು ಗಂಟಲು, ಗಂಟಲು ಇರುವ ತನಕ ಮಾತ್ರ ಕುರಿ ಎಂದು ಅವಳಿಗೆ ಅವತ್ತೇ ತಿಳಿಯಿತು.

ಜಹೀರಾಬಾದಿನ ಕುರಿಸಂತೆಯಲ್ಲಿ ಎಲ್ಲರೂ ಟವೆಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಒತ್ತಿ ದರ ಹೇಳುತ್ತಾರೆ. ಪಕ್ಕದವನಿಗೂ ಗೊತ್ತಾಗುವುದಿಲ್ಲ. ಪೀರಮ್ಮ ಮಾತ್ರ ಬಾಯಿಬಿಟ್ಟು ಹೇಳುತ್ತಾಳೆ. ಒಮ್ಮೆ ದಲ್ಲಾಳಿ ವಿಠೋಬಾ ಒಬ್ಬ ಬಡಪಾಯಿಗೆ ಟವೆಲ್ಲಿನೊಳಗೆ ಒತ್ತಿದ ದರವನ್ನು ಅವಳು ಹೇಗೋ ತಿಳಿದು ಸಂತೆಯ ನಡುವೆ ಕೂಗಿ ಹೇಳಿದ್ದಳು. ಅವತ್ತು ಮುರಿದ ವ್ಯಾಪಾರವನ್ನು ವಿಠೋಬಾ ಮರೆತಿರಲಿಲ್ಲ. ಮರೆಯುವವನಾಗಿದ್ದರೆ ದಲ್ಲಾಳಿ ಯಾಕಾಗುತ್ತಿದ್ದ?

ಆ ಗಂಟಲಿಗೇ ಈ ಸಲದ ಚಳಿಯಲ್ಲಿ ಕಫ ಕೂತಿತು. ಸಂತೆಗೆಂದು ಮೇಯಿಸಿದ ಟಗರು ನೋಡುವ ನೆಪದಲ್ಲಿ ವಿಠೋಬಾ ಹಟ್ಟಿಗೆ ಬಂದ. ಪೀರಮ್ಮ ದರ ಹೇಳಲು ಬಾಯಿ ತೆರೆದಳು, ದರದ ಬದಲು ಕೆಮ್ಮು ಬಂತು. ಅದು ನಿಲ್ಲುವ ತನಕ ಅವನು ಬೀಡಿ ಸೇದುತ್ತ ಕಾದ. ಸಾವಕಾಶವಾಗಿ, ಸವಿಯುತ್ತ.

"ಒಡತಿ ಎದಿನೇ ಹಿಂಗ ಗೊರಗೊರ ಅಂದ್ರ, ಹಟ್ಟಿ ಹೆಂಗ ಇರಬೇಕವ್ವಾ? ಸಂತಿಗಿ ಹೊಡ್ಕೊಂಡ ಬಾ. ಅಲ್ಲೇ ನಾಕು ಮಂದಿ ಮುಂದ ನೋಡೋಣ," ಎಂದ.

ಪೀರಮ್ಮನಿಗೆ ಅರ್ಥವಾಯಿತು. ಕೆಮ್ಮುವ ಹಟ್ಟಿಯ ಕುರಿ ಎಂದು ಸಂತೆಯಲ್ಲಿ ಒಮ್ಮೆ ಗುಸುಗುಸು ಎದ್ದರೆ ಆ ಟಗರುಗಳನ್ನು ಯಾರೂ ಮುಟ್ಟಿಯೂ ನೋಡುವುದಿಲ್ಲ. ಕೊನೆಗೆ ವಿಠೋಬಾನೇ ಬಂದು, ಉಪಕಾರ ಮಾಡಿದವನಂತೆ, ತನಗೆ ಬೇಕಾದ ದರಕ್ಕೆ ಹೊಡೆದುಕೊಂಡು ಹೋಗುತ್ತಾನೆ. ಸಂತೆಯ ದಿನ ಬರುವುದರೊಳಗೆ ಕೆಮ್ಮು ನಿಲ್ಲಲೇಬೇಕಿತ್ತು.

ಮರುದಿನ ಅವಳು ಜಹೀರಾಬಾದಿನ ಉಮಾಕಾಂತನ ಔಷಧದಂಗಡಿ ಹೊಕ್ಕಳು. ಕೂತು ಕೂತು ಉಮಾಕಾಂತನಿಗೆ ಗಿರಾಕಿಗಳ ಮೇಲಿನ ಪ್ರೀತಿ ಹೋಗಿ ಬಹಳ ಕಾಲವಾಗಿತ್ತು. ಒಣ ಕೆಮ್ಮೋ ಕಫದ್ದೋ ಎಂದು ಕೇಳಿದ. ಪೀರಮ್ಮ ಮಾತು ಖರ್ಚು ಮಾಡದೆ ಕೆಮ್ಮಿಯೇ ತೋರಿಸಿದಳು. ಅವನು ಹಿಂದೆ ಸರಿದು, ಒಂದು ಬಾಟಲಿ ತೆಗೆದಿಟ್ಟು, ಕಂಡಕ್ಟರ್ ಸ್ಟಾಪುಗಳನ್ನು ಒದರಿದಂತೆ ಒದರಿದ. ಇದು ಕೆಮ್ಮು ಮುಚ್ಚುವ ಔಷಧವಲ್ಲ, ಕಫವನ್ನು ತೆಳ್ಳಗೆ ಮಾಡಿ ಮೇಲೆ ತರುವುದು. ಮೊದಲು ಕೆಮ್ಮು ಹೆಚ್ಚಾದಂತೆ ಅನಿಸಬಹುದು, ಹೆದರದೆ ಉಗುಳಬೇಕು. ಬಾಟಲಿಯ ಮೇಲಿನ ಅಳತೆಯ ಮುಚ್ಚಳದಲ್ಲಿ, ಹೇಳಿದಷ್ಟೇ ಕುಡಿಯಬೇಕು. ಇದರ ಜೊತೆ ಬೇರೆ ಕೆಮ್ಮಿನ ಔಷಧ ಬೆರೆಸಬಾರದು. ಜ್ವರ ಬಂದರೆ, ಕಫದಲ್ಲಿ ರಕ್ತ ಕಂಡರೆ, ದಮ್ಮು ಹತ್ತಿದರೆ, ವಾರವಾದರೂ ಬಿಡದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು, ತನ್ನ ಹತ್ತಿರ ಅಲ್ಲ. ಮತ್ತೆ ದಿನವೆಲ್ಲ ನೀರು ಕುಡಿಯುತ್ತಿರಬೇಕು, ಬಿಸಿನೀರಾದರೆ ಇನ್ನೂ ಒಳ್ಳೆಯದು. ನೀರಿಲ್ಲದಿದ್ದರೆ ಕಫ ಕರಗುವುದಿಲ್ಲ.

ನೀರು ಎಂದೊಡನೆ ಪೀರಮ್ಮನ ವ್ಯಾಪಾರದ ಬುದ್ಧಿ ಎದ್ದು ಕೂತಿತು.

"ಬಾಟಲಿಯಾಗ ನೀರು ಹಾಕಿದ್ದು ಸಾಲ್ದಂತ ನನ್ನ ಹೊಟ್ಟಿಯಾಗೂ ಹಾಕಸ್ತಿ ಏನು?"

"ಕುಡದ್ರ ಕುಡಿ, ಬಿಟ್ಟರ ಬಿಡು. ಕಫ ನಂದಲ್ಲ," ಎಂದು ಉಮಾಕಾಂತ ಮುಂದಿನ ಗಿರಾಕಿಯ ಕಡೆ ತಿರುಗಿದ.

ಪೀರಮ್ಮನಿಗೆ ಗೊತ್ತಿದ್ದ ಔಷಧದ ಕ್ರಮ ಒಂದೇ, ಕುರಿಯದು. ಕುರಿಗೆ ಜಂತಿನ ಔಷಧ ಹಾಕುವಾಗ ತಲೆ ಎತ್ತಿ ಹಿಡಿದು, ಬಿದಿರಿನ ಗೊಟ್ಟವನ್ನು ದವಡೆಗೆ ಇಟ್ಟು ಸುರಿಯುತ್ತಾರೆ. ಆಮೇಲೆ ಎಷ್ಟು ಅರಚಿದರೂ ಹೊತ್ತು ಏರುವ ತನಕ ನೀರಿಗೆ ಬಿಡುವುದಿಲ್ಲ, ಔಷಧ ತೊಳೆದು ಹೋಗುತ್ತದೆ ಎಂದು. ಅವಳ ಅತ್ತೆ ಹಾಗೇ ಮಾಡಿದ್ದಳು, ಅತ್ತೆಯ ಅತ್ತೆಯೂ ಹಾಗೇ. ಪೀರಮ್ಮ ಅಳತೆಯ ಮುಚ್ಚಳವನ್ನು ಕೋಳಿಗಳಿಗೆ ಬಿಸಾಕಿ, ಗೊಟ್ಟ ತೊಳೆದು, ಅಂದಾಜಿನ ಮೇಲೆ ಸುರಿದುಕೊಂಡಳು. ನೀರು ಮುಟ್ಟಲಿಲ್ಲ. ಕುರಿಗಾದರೆ ಹೊತ್ತು ಏರುವ ತನಕ, ತನಗೆ ಕೆಮ್ಮು ಹೋಗುವ ತನಕ ಎಂದು ಅವಧಿ ಹೆಚ್ಚಿಸಿಕೊಂಡಳು.

ಮೌನೇಶ ದುಡಿಯಲು ಪರವೂರಿಗೆ ಹೋಗಿದ್ದ, ಮನೆಯಲ್ಲಿದ್ದವಳು ಸೊಸೆ ಸ್ವಾತಿ, ತಾಂಡೂರಿನವಳು. ಅವಳ ಅಪ್ಪನಿಗೆ ಅಲ್ಲಿ ಕಲ್ಲು ಪಾಲಿಶ್ ಮಾಡುವ ಕೆಲಸ. ನಿನ್ನ ಅಪ್ಪ ಕಲ್ಲಿಗೆ ಹೊಳಪು ಕೊಟ್ಟಷ್ಟು ನಿನಗೆ ಕೊಡಲಿಲ್ಲ ಎಂದು ಪೀರಮ್ಮ ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದಳು. ಸ್ವಾತಿಯೂ ಸುಮ್ಮನೆ ಕೇಳಿಸಿಕೊಳ್ಳುವ ಜಾತಿಯಲ್ಲ. ಬಿಸಿನೀರಿನ ಚೊಂಬನ್ನು ಅತ್ತೆಯ ಮುಂದೆ ಕುಕ್ಕಿ ಇಟ್ಟಳು.

"ಅತ್ತಿ, ನೀವೇನು ಕುರಿ ಏನ್ರಿ?"

"ಕುರಿ ಆದ್ರ ನನ್ನ ಮಾತು ಕೇಳ್ತಾವ," ಎಂದು ಪೀರಮ್ಮ ಚೊಂಬಿನ ನೀರನ್ನು ನಾಯಿಯ ಬಟ್ಟಲಿಗೆ ಸುರಿದಳು.

ಕಫ ಕರಗಲಿಲ್ಲ. ಮಳೆಗೆ ನೆನೆದ ಉಣ್ಣೆಯಂತೆ ಮುದ್ದೆಗಟ್ಟಿ ಕೂತಿತು. ಕೆಮ್ಮು ಮಾತ್ರ ಹೆಚ್ಚಾಯಿತು. ಉಮಾಕಾಂತ ಮೋಸ ಮಾಡಿದ ಎಂದು ತೀರ್ಮಾನಿಸಿ ಅವಳು ನಾರಾಯಣಖೇಡದ ಬಸ್ಸು ಹತ್ತಿದಳು. ಅಲ್ಲಿಯ ಅಂಗಡಿಯವನೂ ಅದೇ ಪ್ರಶ್ನೆ ಕೇಳಿದ. ಈ ಸಲ ಅವಳು ಜಾಣೆಯಾಗಿದ್ದಳು. ಬಾಗಿಲ ಹೊರಗೇ ಕೆಮ್ಮು ಮುಗಿಸಿ ಒಳಗೆ ಹೋಗಿ, ಒಣ ಕೆಮ್ಮು, ಕಫದ ಹನಿಯೂ ಇಲ್ಲ ಎಂದಳು. ಅವನು ಕೆಮ್ಮು ತಡೆಯುವ ಔಷಧ ಕೊಟ್ಟ. ಸುಳ್ಳು ಹೇಳಿ ಕೊಂಡ ಮಾಲು ಸುಳ್ಳಿಗೆ ತಕ್ಕಂತೆ ಇತ್ತು.

ಹಳೆಯದನ್ನು ಚೆಲ್ಲುವ ಮನಸ್ಸಾಗದೆ ಎರಡನ್ನೂ ಗೊಟ್ಟದಲ್ಲಿ ಬೆರೆಸಿ ಕುಡಿದಳು. ಒಂದು ಔಷಧ ಕಫಕ್ಕೆ ಮೇಲೆ ಬಾ ಅನ್ನುತ್ತಿತ್ತು, ಇನ್ನೊಂದು ಬಾಗಿಲಿಗೆ ಅಗಳಿ ಹಾಕುತ್ತಿತ್ತು. ಕೆಮ್ಮು ನಿಂತಿತು. ಪೀರಮ್ಮ ಕಟ್ಟೆಯ ಮೇಲೆ ಬೆನ್ನು ನೇರ ಮಾಡಿ ಕೂತು, ಸೊಸೆಗೆ, ಸೊಸೆಯ ತವರಿಗೆ, ಉಮಾಕಾಂತನಿಗೆ ಎಲ್ಲರಿಗೂ ಪಾಲು ಹಂಚಿದಂತೆ ಬೈದಳು. ಬೈಯುತ್ತಲೇ ತೂಕಡಿಸಿದಳು.

ಸಂತೆಯ ಹಿಂದಿನ ದಿನ ಬೆಳಿಗ್ಗೆ ಕುರಿಗಳನ್ನು ಕೂಗಲು ಹೋದರೆ ದನಿ ಬರಲಿಲ್ಲ. ಎದೆಯೊಳಗೆ ಕುದಿಯುವ ಗಡಿಗೆಯ ಸದ್ದು. ಕೆಮ್ಮಬೇಕು, ಕೆಮ್ಮಲು ಆಗದು. ಎರಡು ಮಾತಿಗೆ ಒಮ್ಮೆ ಕೂತು ಉಸಿರು ಹುಡುಕಬೇಕು. ಕುರಿಗಳು ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿದವು. ಅವಳು ಜೀವನದಲ್ಲಿ ಮೊದಲ ಸಲ ಹೆದರಿದಳು.

ಸ್ವಾತಿ ಎರಡೂ ಬಾಟಲಿಗಳನ್ನು ಚೀಲಕ್ಕೆ ಹಾಕಿ, ಅತ್ತೆಯನ್ನು ಆಟೋ ಹತ್ತಿಸಿದಳು. ದಾರಿಯುದ್ದಕ್ಕೂ ಕರುಣೆಯ ಮಾತು ಒಂದೂ ಇಲ್ಲ. ಅತ್ತೆ ತಿರುಗಿ ಬೈಯಲಾರದ ಹೊತ್ತು ಮತ್ತೆ ಸಿಗುವಂತಿರಲಿಲ್ಲ. ಮದುವೆಯಾದಾಗಿನಿಂದ ಕೂಡಿಟ್ಟದ್ದನ್ನೆಲ್ಲ ಜಹೀರಾಬಾದ್ ಮುಟ್ಟುವ ತನಕ ಹೇಳಿ ಮುಗಿಸಿದಳು.

ದವಾಖಾನೆಯ ಡಾಕ್ಟರಮ್ಮ ಎದೆಯ ಮೇಲೆ ಕೊಳವೆ ಇಟ್ಟು ಕೇಳಿ, ಉಸಿರು ಅಳೆಯುವ ಚಿಮುಟಿಯನ್ನು ಬೆರಳಿಗೆ ಹಾಕಿ ನೋಡಿ, ಎದೆಯ ಫೋಟೋ ತೆಗೆಸಿದಳು. ರೋಗ ಇನ್ನೂ ಪುಪ್ಪುಸಕ್ಕೆ ಇಳಿದಿಲ್ಲ, ಆದರೆ ಇಳಿಯುವ ದಾರಿಯಲ್ಲೇ ಇದೆ ಎಂದಳು. ಕಫ ಇರುವಾಗ ಕೆಮ್ಮನ್ನು ಕಟ್ಟಿಹಾಕಬಾರದು ಎಂದು ತಡೆಯುವ ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಿದಳು. ಮೂಗಿಗೆ ಹಬೆ ಕೊಡಿಸಿ, ಹೊತ್ತು ಬಾಗುವ ತನಕ ಅಲ್ಲೇ ಮಲಗಿಸಿಕೊಂಡಳು. ಮೊದಲಿನ ಔಷಧ ಅಳತೆಯಲ್ಲಿ, ಮೇಲೆ ನೀರು, ಜ್ವರ ಬಂದರೆ ಆ ಕ್ಷಣ ವಾಪಸು ಎಂದು ಹೇಳಿ ಕಳಿಸಿದಳು.

"ನಾಳಿ ಸಂತಿ ಅದ," ಎಂದು ಪೀರಮ್ಮ ಉಸಿರು ಕೂಡಿಸಿಕೊಂಡು ಹೇಳಿದಳು. "ಅಲ್ಲಿ ಕೆಮ್ಮಬಾರ್ದು."

"ಉಸಿರು ಹಗುರಾದ್ರ ಹೋಗಿ ಕೂತಲ್ಲೇ ಕೂಡ್ರಿ. ಕೆಮ್ಮು ಬಂದ್ರ ಬಾಯಿಗಿ ಬಟ್ಟಿ ಹಿಡದು ಕೆಮ್ರಿ. ಇಲ್ಲಾಂದ್ರ ಮುಂದಿನ ಸಂತಿಗಿ ನೀವಿರಲ್ಲ," ಎಂದಳು ಡಾಕ್ಟರಮ್ಮ.

ಮನೆಯಲ್ಲಿ ಸ್ವಾತಿ ಕೋಳಿಗಳ ನಡುವೆ ಬಿದ್ದಿದ್ದ ಮುಚ್ಚಳ ತೊಳೆದು ಔಷಧ ಕುಡಿಸಿ, ಚೊಂಬು ಹಿಡಿದು ಕೊಟ್ಟ ಸಾಲ ಕೇಳುವವಳಂತೆ ಎದುರಿಗೆ ಕೂತಳು. ಒಂದೊಂದು ಗುಟುಕೂ ಪೀರಮ್ಮನಿಗೆ ಸೋಲಿನ ಗುಟುಕಾಗಿತ್ತು. ಆದರೂ ಕುಡಿದಳು. ದೀಪ ಹಚ್ಚುವ ಹೊತ್ತಿಗೆ ಎದೆಯೊಳಗಿನ ಗಂಟು ಸಡಿಲಾಗಿ ಕಫ ಬರತೊಡಗಿತು. ಅವಳು ಕೆಮ್ಮಿ ಉಗುಳಿದ ಸದ್ದಿಗೆ ಕುರಿಗಳು ಕಿವಿ ನಿಮಿರಿಸಿದವು.

ಸಂತೆಯಲ್ಲಿ ವಿಠೋಬಾ ಕಾದೇ ಇದ್ದ. ಪೀರಮ್ಮ ಚೀಲದ ಮೇಲೆ ಕೂತು ಸೆರಗಿಗೆ ಕೆಮ್ಮಿದ ಕೂಡಲೇ, ಬೀದರದಿಂದ ಬಂದ ವ್ಯಾಪಾರಿಗಳಿಗೆ ಕೇಳುವಂತೆ, ಈ ಹಟ್ಟಿಗೆ ರೋಗ ಹೊಕ್ಕಿದೆ ಎಂದ. ಟಗರಿನ ಬೆನ್ನು ಸವರುತ್ತಿದ್ದ ಕೈಗಳು ಹಿಂದೆ ಸರಿದವು. ಅವನು ಟವೆಲ್ ಹೊದಿಸಿದ ಕೈಯನ್ನು ಪೀರಮ್ಮನ ಮುಂದೆ ಚಾಚಿದ.

ಅವಳು ಆ ಕೈ ಮುಟ್ಟಲಿಲ್ಲ. "ಕೆಮ್ಮು ನಂದು," ಎಂದಳು. ದನಿ ಒಡೆದಿತ್ತು, ಆದರೆ ಕೇಳುತ್ತಿತ್ತು. "ಎದಿಯಾಗ ರೋಗ ಇದ್ದ ಕುರಿ ಓಡಿಸಿದ್ರ ಕೆಮ್ತದ. ಕುರಿ ಕಂಡೋರಿಗೆಲ್ಲ ಗೊತ್ತದ. ಸ್ವಾತಿ, ಓಡ್ಸು. ವಿಠೋಬಾ, ನೀನೂ ಬೆನ್ನ ಹಿಂದೇ ಓಡು. ಒಂದು ಕೆಮ್ಮಿದ್ರೂ ಎಲ್ಲಾ ನಿಂಗೇ ಬಿಟ್ಟೆ, ನಿನ್ನ ದರಕ್ಕ."

ಇಷ್ಟು ಮಂದಿಯ ಮುಂದೆ ಅವನು ಒಲ್ಲೆ ಎನ್ನುವಂತಿರಲಿಲ್ಲ. ಸ್ವಾತಿ ಕೋಲು ಬೀಸಿದಳು. ಟಗರುಗಳು ದೂಳೆಬ್ಬಿಸುತ್ತ ಬಯಲನ್ನು ಸುತ್ತು ಹಾಕಿ ಬಂದವು. ಮೂಗು ಒಣ, ಉಸಿರು ಸಾಫು, ಕೆಮ್ಮಿನ ಸುದ್ದಿಯಿಲ್ಲ. ಅವುಗಳ ಹಿಂದೆ ಬಂದ ವಿಠೋಬಾ ಮೊಣಕಾಲು ಹಿಡಿದು ಬಗ್ಗಿ, ಅಷ್ಟು ವರ್ಷದ ಬೀಡಿಯನ್ನೆಲ್ಲ ಒಂದೇ ಸಲ ಕೆಮ್ಮಿದ. ಬೀದರದವರು ನಗುತ್ತ ಟಗರುಗಳ ಕಡೆ ಬಂದರು. ದರವನ್ನು ಪೀರಮ್ಮ ಬಾಯಿಬಿಟ್ಟೇ ಹೇಳಿದಳು.

ವ್ಯಾಪಾರ ಮುಗಿದ ಮೇಲೂ ವಿಠೋಬಾನ ಕೆಮ್ಮು ಮುಗಿದಿರಲಿಲ್ಲ. ಹಾದು ಹೋಗುವಾಗ ಪೀರಮ್ಮ ನಿಂತಳು.

"ಉಮಾಕಾಂತನ ದುಕಾನಕ್ಕ ಹೋಗು. ಒಣದೋ ಕಫದ್ದೋ ಅಂತ ಕೇಳ್ತಾನ. ಅಲ್ಲಿ ಮಾತ್ರ ಸುಳ್ಳು ಹೇಳಬ್ಯಾಡ."

ಸ್ವಾತಿ ನೀರಿನ ಬಾಟಲಿ ಮುಂದೆ ಹಿಡಿದಳು. ಪೀರಮ್ಮ ಮುಖ ಆಚೆ ತಿರುಗಿಸಿಕೊಂಡು ಕುಡಿದಳು. ತಾಂಡೂರಿನವರಿಗೆ ನೀರು ಕಾಯಿಸಲೂ ಬರುವುದಿಲ್ಲ ಎಂದು ಗೊಣಗಿ, ಬಾಟಲಿಯನ್ನು ಖಾಲಿ ಮಾಡಿಯೇ ಕೊಟ್ಟಳು.