ಚಿಕ್ಕಪ್ಪ ಉಸಿರು ತೆಗೆದುಕೊಳ್ಳದ ಜಾಗ

ನಮ್ಮ ಬ್ಯಾಂಡ್‌ಸೆಟ್ಟಿನಲ್ಲಿ ಟ್ರಾಂಬೋನ್ ಯಾವಾಗಲೂ ಜೋಡಿ. ಊದುತ್ತಾ ಸ್ಲೈಡ್ ಎಂಬ ಜಾರುವ ಕೊಳವೆಯನ್ನು ಮುಂದಕ್ಕೆ ಚಾಚಬೇಕಾದ ವಾದ್ಯ ಅದು. ಎದುರಿಗಿದ್ದವನ ಬೆನ್ನಿಗೆ ತಗಲುತ್ತದೆಂದು ನಮ್ಮಿಬ್ಬರನ್ನೂ ಮುಂದಿನ ಸಾಲಿನಲ್ಲೇ ನಿಲ್ಲಿಸುತ್ತಾರೆ. ಬಲಕ್ಕೆ ಚಿಕ್ಕಪ್ಪ, ಎಡಕ್ಕೆ ನಾನು. ಹಾಡಿನ ಕೆಳಗೆ ಒಂದು ದಪ್ಪ ಸ್ವರವನ್ನು ಬಿಡದೆ ಹಿಡಿಯುವುದು ನಮ್ಮ ಕೆಲಸ. ಅಷ್ಟು ಉಸಿರು ಯಾರೊಬ್ಬರ ಎದೆಯಲ್ಲೂ ಇರುವುದಿಲ್ಲ, ಹಾಗಾಗಿ ಹಂಚಿಕೊಳ್ಳುತ್ತೇವೆ. ಚಿಕ್ಕಪ್ಪ ಉಸಿರು ಎಳೆದುಕೊಳ್ಳುವಾಗ ನಾನು ಊದುತ್ತಿರಬೇಕು, ನಾನು ಎಳೆದುಕೊಳ್ಳುವಾಗ ಅವರು. ಯಾವ ಹಾಡಿನ ಯಾವ ಜಾಗದಲ್ಲಿ ಯಾರು ಎಳೆಯಬೇಕೆಂಬುದು ಅಪ್ಪ ಊದುತ್ತಿದ್ದ ಕಾಲದಲ್ಲೇ ನಿಗದಿಯಾಗಿತ್ತು. ಆ ಜಾಗ ಬಂದಾಗ ಚಿಕ್ಕಪ್ಪನ ಬಲಭುಜ ಸ್ವಲ್ಪ ಮೇಲೇಳುತ್ತದೆ. ನನಗೆ ಅದೇ ಸೂಚನೆ.

ಹೋದ ಮದುವೆ ಸೀಜನ್ನಿನಲ್ಲಿ, ಶಿಡ್ಲಘಟ್ಟದ ಒಂದು ಮೆರವಣಿಗೆಯಲ್ಲಿ, ಆ ಭುಜ ಏಳಲೇ ಇಲ್ಲ.

ನಾನು ಕಾದೆ. ಎದೆ ಉರಿಯತೊಡಗಿತು. ಕೊನೆಗೆ ನಾನೇ ತಪ್ಪು ಜಾಗದಲ್ಲಿ ಬಾಯಿ ಬಿಟ್ಟು ಗಾಳಿ ಎಳೆದುಕೊಂಡೆ. ಸ್ವರ ತುಂಡಾಗಬೇಕಿತ್ತು, ಆಗಲಿಲ್ಲ. ಚಿಕ್ಕಪ್ಪ ಊದುತ್ತಲೇ ಇದ್ದರು.

"ಏನ್ ಚಿಕ್ಕಪ್ಪ, ಉಸಿರೇ ತಗೊಳ್ಲಿಲ್ಲ?" ಮೆರವಣಿಗೆ ಮುಗಿದ ಮೇಲೆ ಕೇಳಿದೆ.

"ತಗೊಂಡೆ ಕಣಪ್ಪ. ನೀನು ನೋಡ್ಲಿಲ್ಲ."

"ನಾನು ನಿಮ್ಮನ್ನೇ ನೋಡ್ತಿದ್ದೆ."

"ನೀನು ಹೆಣ್ಣಿನ ಕಡೆಯೋರನ್ನ ನೋಡ್ತಿದ್ದೆ, ಸುಮ್ನಿರು."

ಆದರೆ ಅನುಮಾನ ಅಲ್ಲಿಂದಲೇ ಶುರುವಾಯಿತು.

ಅನುಮಾನಕ್ಕೆ ಕಾರಣವೂ ಇತ್ತು. ನಮ್ಮ ಬ್ಯಾಂಡ್ ಮಾಸ್ಟರು ಚಿಕ್ಕಬಳ್ಳಾಪುರದವರು, ಕ್ಲಾರಿನೆಟ್ ನುಡಿಸುತ್ತಾರೆ. ಆ ಸೀಜನ್ನಿನ ಮೊದಲಲ್ಲೇ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರು: "ಈಗ ಎಲ್ಲಾರ್ಗೂ ಡಿಜೆ ಬೇಕು ಬೇಟಾ. ಬ್ಯಾಂಡ್ ಫೋಟೋಗೆ ಮಾತ್ರ. ಎರಡೆರಡು ಟ್ರಾಂಬೋನ್ ಯಾಕೆ ಅಂತಾರೆ. ಮುಂದಿನ ಸೀಜನ್‌ಗೆ ಒಂದೇ ಇಟ್ಕೊಳ್ಳೋಣ ಅಂತಿದೀನಿ, ನೋಡಣ." ಆ ಒಂದು ಯಾರದು ಎಂದು ಅವರು ಹೇಳಲಿಲ್ಲ.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ನಮ್ಮ ಬೀದಿಯಲ್ಲೂ ನಾನೇ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಮೆರವಣಿಗೆ ಮುಗಿಸಿ ಕೆಂಪು ಯೂನಿಫಾರಮ್ಮಿನಲ್ಲೇ ಬಸ್ಸು ಹತ್ತಿ, ಕಾಲೇಜಿನ ಮುಂದಿನ ಟೀ ಅಂಗಡಿಯ ಹಿಂದೆ ಶರ್ಟು ಬದಲಿಸಿಕೊಂಡು ಪರೀಕ್ಷೆ ಬರೆದವನು ನಾನು. ಊದಿದ ತುಟಿಯಲ್ಲಿ ವೈವಾ ಕೊಟ್ಟಿದ್ದೇನೆ. ಈಗ ಗೌರಿಬಿದನೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಹಾಗಂತ ಟ್ರಾಂಬೋನ್ ಬಿಟ್ಟಿಲ್ಲ. ಅದು ಅಪ್ಪನದು. ಅಪ್ಪ ತೀರಿಕೊಂಡಾಗ ಅದನ್ನು ನನ್ನ ಹೆಗಲಿಗೇರಿಸಿ, ತಮ್ಮ ಎಡಗಡೆ ನಿಲ್ಲಿಸಿಕೊಂಡವರು ಚಿಕ್ಕಪ್ಪ. ನನ್ನ ಜಾಗ ಹೋದರೆ ಅದು ಗೋಡೆಯ ಮೊಳೆಗೆ ಹೋಗುತ್ತದೆ, ಆಮೇಲೆ ಗುಜರಿಗೆ. ಹಾಗಾಗಬಾರದು ಎಂಬುದಷ್ಟೇ ನನ್ನ ಹಟ.

ಹೀಗಿರುವಾಗ ಚಿಕ್ಕಪ್ಪ ಮೀಸೆ ತೆಗೆಸಿದರು. ನಾನು ಹುಟ್ಟಿದಾಗಿನಿಂದ ನೋಡಿದ ಮೀಸೆ ಅದು. ಎರಡು ದಿನ ಬಿಟ್ಟು ಮಂಚೇನಹಳ್ಳಿಯ ಅವರ ಮನೆಗೆ ಹೋದಾಗ, ಚಿಕ್ಕಮ್ಮ ಕಾಫಿ ಕೊಡುವ ಮೊದಲೇ ಒಳಗೆ ಕರೆದರು.

"ನಿಮ್ಮ ಚಿಕ್ಕಪ್ಪನ ಬಾಯೆಲ್ಲ ಜೇನಿನ ವಾಸನೆ ಕಣಪ್ಪ. ಭಾನುವಾರ ಆಯ್ತು ಅಂದ್ರೆ ಮನೇಲಿರಲ್ಲ. ಈ ವಯಸ್ನಲ್ಲಿ ಜೇನು ತಿನ್ನಿಸೋರು ಯಾರು ಸಿಕ್ಕವ್ರೆ, ಸ್ವಲ್ಪ ವಿಚಾರ್ಸು. ಓದಿರೋನು ನೀನು."

"ಓದಿದ್ದಕ್ಕೂ ಇದಕ್ಕೂ ಏನ್ ಸಂಬಂಧ ಚಿಕ್ಕಮ್ಮ?"

"ಮತ್ತಿನ್ಯಾಕೆ ಓದಿದ್ದು?"

ಮುಂದಿನ ಭಾನುವಾರ ಚಿಕ್ಕಪ್ಪನ ಮೊಪೆಡ್ ತೊಂಡೇಬಾವಿ ಕಡೆ ಹೊರಟಿತು. ಹಿಂದಿನ ಸೀಟಿಗೆ ಹಳೆಯ ಸೀರೆಯಲ್ಲಿ ಸುತ್ತಿದ ಉದ್ದನೆಯದೇನನ್ನೋ ಕಟ್ಟಿದ್ದರು. ಟ್ರಾಂಬೋನ್ ಅಷ್ಟುದ್ದ ಇರುವುದಿಲ್ಲ. ದೂರದಲ್ಲೇ ಉಳಿದು ನನ್ನ ಬೈಕಿನಲ್ಲಿ ಹಿಂಬಾಲಿಸಿದೆ. ರೈಲು ಹಳಿಯ ಈಚೆಗೆ ಒಂದು ನೀಲಗಿರಿ ತೋಪಿದೆ. ಅವರು ಮೊಪೆಡ್ ನಿಲ್ಲಿಸಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ತೋಪಿನೊಳಗಿಂದ ಒಂದು ಸದ್ದು ಬಂತು. ಲಾರಿಯೊಂದು ಎಂಜಿನ್ ಆರಿಸದೆ ನಿಂತಂತೆ, ಎಲ್ಲೂ ತುಂಡಾಗದ ಸದ್ದು.

ಪಕ್ಕದಲ್ಲಿ ಕುರಿ ಮೇಯಿಸುತ್ತಿದ್ದ ಹೆಂಗಸನ್ನು ಅದೇನೆಂದು ಕೇಳಿದೆ.

"ಬೋರ್ ಕೊರೆಸ್ತಾವ್ರೆ ಅಂದ್ಕೊಂಡಿದ್ದೆ ಕಣಪ್ಪ. ವಾರವಾರ ಕೇಳ್ಸುತ್ತೆ. ನೀರು ಮಾತ್ರ ಇನ್ನೂ ಬಂದಿಲ್ಲ."

ಒಳಗೆ ಹೋದೆ. ಚಿಕ್ಕಪ್ಪ ಕಡಿದ ಮರದ ಬುಡವೊಂದರ ಮೇಲೆ ಕೂತು, ಬೋರ್‌ವೆಲ್ಲಿಗೆ ಇಳಿಸುವ ಪಿವಿಸಿ ಪೈಪನ್ನು ಊದುತ್ತಿದ್ದರು. ತುದಿ ನೆಲಕ್ಕೆ ತಾಕಿತ್ತು. ಬಾಯಿಡುವ ಕಡೆ ಜೇನುಮೇಣ ಮೆತ್ತಿದ್ದರು. ಕೆನ್ನೆಗಳು ಕಪ್ಪೆಯ ಗಂಟಲಿನಂತೆ ಉಬ್ಬಿ ಇಳಿಯುತ್ತಿದ್ದವು, ಸದ್ದು ಮಾತ್ರ ಒಂದೇ ಸಮ. ನನ್ನನ್ನು ಕಂಡಾಗಲೂ ತಕ್ಷಣ ನಿಲ್ಲಿಸಲಿಲ್ಲ.

"ಡಿಜೆರಿಡೂ" ಎಂದರು ಆಮೇಲೆ, ಮಗುವಿಗೆ ಹೆಸರಿಟ್ಟಷ್ಟು ಗಂಭೀರವಾಗಿ.

ಶಿಡ್ಲಘಟ್ಟದ ಮೆರವಣಿಗೆಗೂ ಮುಂಚೆ, ಮುದ್ದೇನಹಳ್ಳಿ ಹತ್ತಿರದ ಒಂದು ರೆಸಾರ್ಟಿನ ಮದುವೆಗೆ ನಮ್ಮ ಸೆಟ್ಟನ್ನು ಕರೆಸಿದ್ದರು. ನಾನು ಆ ದಿನ ಪರೀಕ್ಷೆಯ ಕೆಲಸದಲ್ಲಿದ್ದೆ. ಅಲ್ಲಿಗೆ ಬಂದಿದ್ದ ಜುಟ್ಟಿನ ಹುಡುಗನೊಬ್ಬ ಇಂಥದ್ದೇ ಮರದ ಕೊಳವೆ ಊದುತ್ತಿದ್ದನಂತೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ವಾದ್ಯ, ಗೆದ್ದಲು ತಿಂದು ಟೊಳ್ಳು ಮಾಡಿದ ನೀಲಗಿರಿ ಕೊಂಬೆಯಿಂದ ಮಾಡುತ್ತಾರೆ ಎಂದನಂತೆ. ಚಿಕ್ಕಪ್ಪ ಬಾಯಿಟ್ಟರು, ಮೊದಲ ಸಲಕ್ಕೇ ಸದ್ದು ಬಂತು. ಟ್ರಾಂಬೋನಿಗೆ ಪಳಗಿದ ತುಟಿ.

"ನೀಲಗಿರಿ ನಮ್ಮಲ್ಲೂ ಬೇಕಾದಷ್ಟಿದೆ. ನಮ್ಮ ಗೆದ್ದಲಿಗೆ ಆ ಕೆಲ್ಸ ಬರಲ್ಲ, ಅದಕ್ಕೇ ಪೈಪು" ಎಂದು ನಕ್ಕರು. ಮೀಸೆಗೆ ಮೇಣ ಅಂಟುತ್ತದೆಂದು ಮೀಸೆ ಹೋಗಿತ್ತು. ಕೆನ್ನೆಯಲ್ಲಿ ಕೂಡಿಟ್ಟ ಗಾಳಿಯನ್ನು ಹೊರಗೆ ನೂಕುತ್ತಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳುವುದು ಆ ವಾದ್ಯದ ಗುಟ್ಟು. "ವಾಲಗದೋರು ಊದಲ್ವಾ ಹಂಗೆ? ನಮಗ್ಯಾಕೆ ಬರಬಾರ್ದು?"

ನಾನು ನಗಲಿಲ್ಲ. "ಟ್ರಾಂಬೋನನ್ನೂ ಒಬ್ರೇ ಊದಬಹುದು ಹಂಗಾದ್ರೆ."

"ಹೂಂ. ಊದಬಹುದು."

"ನನ್ನ ತೆಗ್ಸೋಕಾ?"

ಅವರು ತುಟಿಯ ಮೇಲಿನ ಮೇಣ ಒರೆಸಿಕೊಂಡರು. "ನೀನೇ ಬಿಟ್ಟು ಹೋಗ್ತೀಯಲ್ಲಪ್ಪ, ನಾನ್ಯಾಕೆ ತೆಗ್ಸಲಿ?"

"ಎಲ್ಲಿಗೆ ಹೋಗ್ತೀನಿ?"

"ಇಸ್ತ್ರಿ ಶರ್ಟ್ ಹಾಕ್ಕೊಂಡು ದೊಡ್ಡ ಸ್ಕೂಲಿಗೆ ಇಂಟರ್‌ವ್ಯೂಗೆ ಹೋಗಿದ್ಯಲ್ಲ, ಚಿಕ್ಕಬಳ್ಳಾಪುರಕ್ಕೆ. ನನಗೆ ಹೇಳಿದ್ಯಾ?"

"ಸಿಗುತ್ತೋ ಇಲ್ವೋ ಅಂತ ಹೇಳ್ಲಿಲ್ಲ."

"ನಾನೂ ಅಷ್ಟೇ. ಬರುತ್ತೋ ಇಲ್ವೋ ಅಂತ ಹೇಳ್ಲಿಲ್ಲ."

ನಾನು ಹೊರಟುಹೋದರೆ ಒಂಟಿಯಾಗಿ ಊದಬೇಕಾದೀತೆಂದು ಅವರು ಕಲಿತರೋ, ಒಂಟಿಯಾಗಿ ಊದಿ ತಮ್ಮ ಜಾಗ ಉಳಿಸಿಕೊಳ್ಳಲು ಕಲಿತರೋ ನನಗೆ ತಿಳಿಯಲಿಲ್ಲ. ಅವರ ಮುಖ ನೋಡಿದೆ. ಮೀಸೆಯಿಲ್ಲದ ಮುಖ ಏನನ್ನೂ ಹೇಳಲಿಲ್ಲ. ಪೈಪನ್ನು ನನ್ನ ಕಡೆ ತಿರುಗಿಸಿ "ಊದು" ಎಂದರು.

ಊದಿದೆ. ನನಗೂ ಮೊದಲ ಸಲಕ್ಕೇ ಸದ್ದು ಬಂತು. ಉಸಿರಿನ ಗುಟ್ಟು ಮಾತ್ರ ಅಷ್ಟು ಸುಲಭಕ್ಕೆ ಸಿಗಲಿಲ್ಲ. ಬಾಯಿತುಂಬ ನೀರು ತುಂಬಿಕೊಂಡು, ಅದನ್ನು ದಾರದಷ್ಟು ಸಣ್ಣಗೆ ಉಗುಳುತ್ತಲೇ ಮೂಗಿನಿಂದ ಗಾಳಿ ಎಳೆಯುವ ಅಭ್ಯಾಸ ಹೇಳಿಕೊಟ್ಟರು. ಸ್ಕೂಲಿನ ನಲ್ಲಿಯ ಹತ್ತಿರ ಬಿಡುವಿನಲ್ಲಿ ಮಾಡುತ್ತಿದ್ದೆ. ನೀರು ಮೂಗಿಗೇರಿ ಕೆಮ್ಮು ಬರುತ್ತಿತ್ತು. "ಸಾರ್, ಹಲ್ಲು ನೋವಾ?" ಎಂದು ಮಕ್ಕಳು ಕೇಳುತ್ತಿದ್ದರು. ಸೀಜನ್ ಮುಗಿಯುವ ಹೊತ್ತಿಗೆ ಪೈಪಿನಲ್ಲಿ ನನ್ನ ಸದ್ದು ತುಂಡಾಗದೆ ನಿಂತಿತು. ಟ್ರಾಂಬೋನಿನಲ್ಲಿ ನಿಲ್ಲಲಿಲ್ಲ. ಚಿಕ್ಕಪ್ಪ ಏನೋ ಒಂದನ್ನು ಹೇಳಿಕೊಡದೆ ಇಟ್ಟುಕೊಂಡಿದ್ದಾರೆ ಎಂದು ಒಳಗೊಳಗೇ ಅನ್ನಿಸುತ್ತಿತ್ತು.

ಆ ಸೀಜನ್ನಿನ ಕೊನೆಯ ಮದುವೆ ಚಿಂತಾಮಣಿಯಲ್ಲಿ. ಸಂಜೆ, ದೇವಸ್ಥಾನದಿಂದ ಕಲ್ಯಾಣ ಮಂಟಪದವರೆಗೆ ಮೆರವಣಿಗೆ. ಸಾಲು ನಿಲ್ಲುವಾಗ ಮಾಸ್ಟರು ನನ್ನನ್ನು ಪಕ್ಕಕ್ಕೆ ಕರೆದರು.

"ಇವತ್ತು ಒಂದೇ ಟ್ರಾಂಬೋನ್‌ನಲ್ಲಿ ಕೇಳಿ ನೋಡ್ತೀನಿ ಬೇಟಾ. ನೀನು ಪಕ್ಕದಲ್ಲಿ ನಡ್ಕೊಂಡು ಬಾ. ನಿಮ್ಮ ಚಿಕ್ಕಪ್ಪ ಒಬ್ರೇ ಊದ್ತಾರಂತೆ. ಚೆನ್ನಾಗಿ ಬಂದ್ರೆ ಮುಂದಿನ ಸೀಜನ್‌ಗೆ ಅಷ್ಟೇ."

"ಹಾಗಂತ ಯಾರು ಹೇಳಿದ್ದು?"

"ಯಾರು ಹೇಳಿದ್ರೇನು? ಕಿವಿ ಇದೆಯಲ್ಲ, ನಾನೇ ಕೇಳ್ತಾ ಇಲ್ವಾ ಇಷ್ಟು ದಿನದಿಂದ?"

ಚಿಕ್ಕಪ್ಪನ ಕಡೆ ನೋಡಿದೆ. ಅವರು ಸ್ಲೈಡಿಗೆ ಎಣ್ಣೆ ಹಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

ಅಪ್ಪನ ಟ್ರಾಂಬೋನನ್ನು ಎದೆಗವಚಿಕೊಂಡು, ತಟ್ಟೆ ಹಿಡಿದ ಹೆಂಗಸರ ನಡುವೆ ರಸ್ತೆಯ ಅಂಚಿನಲ್ಲಿ ನಡೆದೆ. ಒಬ್ಬಾಕೆ "ನೀವ್ಯಾಕೆ ಊದಲ್ಲ?" ಎಂದಳು. ಹಾಡು ಶುರುವಾಯಿತು. ಮೊದಲ ಉಸಿರಿನ ಜಾಗ ಬಂತು. ಚಿಕ್ಕಪ್ಪನ ಭುಜ ಏಳಲಿಲ್ಲ, ಸ್ವರ ನಿಲ್ಲಲಿಲ್ಲ. ಮುಂದಿನ ಜಾಗವೂ ಹಾಗೇ ದಾಟಿತು. ಮಾಸ್ಟರು ಕ್ಲಾರಿನೆಟ್ ಊದುತ್ತಲೇ ಹುಬ್ಬು ಹಾರಿಸಿದರು. ಮುಗಿಯಿತು ಎಂದುಕೊಂಡೆ. ತೋಪಿನಲ್ಲಿ ಕಲಿತದ್ದೆಲ್ಲ ಇದಕ್ಕೇ ಎಂದುಕೊಂಡೆ.

ಪೆಟ್ರೋಲ್ ಬಂಕಿನ ತಿರುವು ಬಂತು. ಕ್ಲಾರಿನೆಟ್ ಮೇಲಕ್ಕೇರುವ ಜಾಗ ಅದು. ಕೆಳಗಿನ ದಪ್ಪ ಸ್ವರ ಅಲ್ಲೇ ಬೇಕೇ ಬೇಕು. ಅಲ್ಲೇ ಅದು ಕತ್ತರಿಸಿದಂತೆ ನಿಂತುಹೋಯಿತು. ಕ್ಲಾರಿನೆಟ್ ಒಂದೇ ಮೇಲೆ ಕೀರಲಾಗಿ ಉಳಿಯಿತು. ಕುಣಿಯುತ್ತಿದ್ದ ಹುಡುಗರ ಕಾಲು ತಡವರಿಸಿತು. ಯಾರೋ "ಏಮೈಂದಿರಾ, ಏನಾಯ್ತೋ?" ಎಂದು ಕೂಗಿದರು. ಮಾಸ್ಟರು ಸಿಟ್ಟಿನಿಂದ ತಿರುಗಿ, ನನ್ನ ಕಡೆ ಮೊಣಕೈ ಆಡಿಸಿದರು: ಬಾ.

ಎಡಗಡೆಯ ನನ್ನ ಜಾಗಕ್ಕೆ ನುಗ್ಗಿ ಊದಿದೆ. ಮುಂದಿನ ಜಾಗದಲ್ಲಿ ಚಿಕ್ಕಪ್ಪನ ಭುಜ ಎದ್ದಿತು. ನಾನು ಹಿಡಿದೆ.

ಊಟಕ್ಕೆ ಕೂತಾಗ ಮಾಸ್ಟರು ನಮ್ಮೆದುರಿನ ಸಾಲಿನಲ್ಲಿದ್ದರು. ಅವರಿಗೆ ಕೇಳಿಸದಂತೆ ಕೇಳಿದೆ: "ಯಾಕೆ ನಿಂತೋಯ್ತು ಚಿಕ್ಕಪ್ಪ?"

ಅವರು ಮಾಸ್ಟರಿಗೆ ಕೇಳಿಸುವಂತೆಯೇ ಹೇಳಿದರು: "ವಯಸ್ಸಾಯ್ತು ಕಣಪ್ಪ. ಒಬ್ನಿಗೆ ಉಸಿರು ಸಾಲಲ್ಲ."

"ಜೋಡೀನೇ ಇರ್ಲಿ ಬಿಡಿ ಮತ್ತೆ" ಎಂದು ಮಾಸ್ಟರು ಎಲೆಯ ಮೇಲಿನಿಂದ ಕಣ್ಣೆತ್ತದೆ ಗೊಣಗಿದರು.

ಉಸಿರು ಸಾಲದವನ ಕೆನ್ನೆ ಒಳಕ್ಕೆ ಹೋಗಿರುತ್ತದೆ. ಅಷ್ಟು ನನಗೂ ಗೊತ್ತು, ಈಗ ನಾನೂ ಕಲಿತವನು. ಪೆಟ್ರೋಲ್ ಬಂಕಿನ ತಿರುವಿನಲ್ಲಿ ನಾನು ಚಿಕ್ಕಪ್ಪನ ಮುಖವನ್ನೇ ನೋಡುತ್ತಿದ್ದೆ. ಸ್ವರ ನಿಂತ ಗಳಿಗೆಯಲ್ಲಿ ಅವರ ಎರಡೂ ಕೆನ್ನೆಗಳು ಗಾಳಿಯಿಂದ ತುಂಬಿದ್ದವು.

ಅವರ ಮಾತನ್ನು ನಾನು ನಂಬಲಿಲ್ಲ. ನಂಬಲಿಲ್ಲವೆಂದು ಹೇಳಲೂ ಇಲ್ಲ. ಸಾಂಬಾರಿನ ಬಕೆಟ್ ಬಂದಾಗ ಅವರು ನನ್ನ ಎಲೆ ತೋರಿಸಿ, "ಇವ್ನಿಗೆ ಹಾಕಪ್ಪ, ಹೈಸ್ಕೂಲ್ ಮೇಷ್ಟ್ರು" ಎಂದರು.