ಮಗಳ ಪಾಲಿನ ಉಪ್ಪಿನಕಾಯಿ

ಕೊಟ್ಟೂರಿನ ಖಾಸಿಂ ಬೀ ಮಾವಿನಕಾಯಿ ಉಪ್ಪಿನಕಾಯಿ ಹಾಕಿದಳೆಂದರೆ ಅದು ಎರಡು ಬೇಸಿಗೆ ಕಂಡರೂ ಕೆಡುವುದಿಲ್ಲ. ಓಣಿಯವರು ಇದನ್ನು ಕೈಗುಣ ಎನ್ನುತ್ತಾರೆ. ಅವಳು ಮಾತ್ರ ಎಲ್ಲವನ್ನೂ ಸತ್ತುಹೋದ ಅತ್ತೆಯ ಹೆಸರಿಗೆ ಬರೆದುಬಿಡುತ್ತಾಳೆ. ಆ ಮುದುಕಿ ಸೊಸೆಗೆ ಗುಂಜಿ ಬಂಗಾರ ಕೊಟ್ಟವಳಲ್ಲ, ಉಪ್ಪಿನಕಾಯಿಯ ಕಟ್ಟಳೆಗಳನ್ನು ಮಾತ್ರ ಕೈಬಿಚ್ಚಿ ಕೊಟ್ಟಳು. ಕಾಯಿಗೆ ನೀರಿನ ಪಸೆ ತಾಗಕೂಡದು. ಉಪ್ಪನ್ನು ಮುಷ್ಟಿಯಲ್ಲೇ ಅಳೆಯಬೇಕು, ಹಾಕುವವಳು ನಾಲಿಗೆಗೆ ಮುಟ್ಟಿಸಿ ನೋಡಕೂಡದು. ಮತ್ತೆ, ಮೊದಲ ಪಾಲು ಮನೆಯ ಹೆಣ್ಣುಮಗಳದು. ಅವಳು ಬಾಯಿಗಿಡುವವರೆಗೆ ತವರಿನಲ್ಲಿ ಯಾರೂ ಜಾಡಿ ಬಿಚ್ಚುವಂತಿಲ್ಲ.

ಹೆಣ್ಣುಮಗಳೆಂದರೆ ಪರ್ವೀನ್. ಹರಪನಹಳ್ಳಿಗೆ ಕೊಟ್ಟಿದ್ದಾರೆ. ಎರಡು ಸಲ ಬಸಿರು ನಿಂತು ನಿಂತು ಹೋಗಿ, ಈಗ ಮೂರನೆಯದಕ್ಕೆ ಆರು ತಿಂಗಳು ತುಂಬಿದೆ. ರಂಜಾನ್ ಶುರುವಾಗುವ ಮೊದಲೇ ಫೋನು ಮಾಡಿ, ಈ ವರ್ಷದ ಉಪ್ಪಿನಕಾಯಿ ಯಾವಾಗ ಎಂದು ಕೇಳಿದ್ದಳು. ಬಸುರಿಯ ಬಯಕೆಗೆ ನಾಳೆ ಎನ್ನಬಾರದು. ಖಾಸಿಂ ಬೀ ರೋಜಾದ ಉಪವಾಸ ಹಿಡಿದುಕೊಂಡೇ ಕಾಯಿ ಹೆಚ್ಚಿ ಉಪ್ಪು ಹಾಕಿದಳು.

ಅವಳಿಗೊಂದು ಗುಟ್ಟಿತ್ತು. ಎರಡು ವರ್ಷದಿಂದ ಕಣ್ಣಿಗೆ ಪೊರೆ ಕಟ್ಟಿಕೊಂಡು, ಎದುರಿಗಿರುವವರ ಮುಖ ಮಜ್ಜಿಗೆಯಲ್ಲಿ ಅದ್ದಿದಂತೆ ಕಾಣುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಹಿರೇಹಡಗಲಿಯ ಅವಳ ಅಕ್ಕ ಕಣ್ಣು ಕೊಯ್ಸಿಕೊಂಡು ಬಂದು, ಪಥ್ಯ ಮಾಡದೆ ಯಾರೋ ಹೇಳಿದ ಸೊಪ್ಪಿನ ರಸ ಬಿಟ್ಟುಕೊಂಡು, ಇದ್ದ ಮಸುಕು ಬೆಳಕನ್ನೂ ಕಳೆದುಕೊಂಡಿದ್ದಳು. ಸೊಪ್ಪಿನ ರಸವನ್ನು ಖಾಸಿಂ ಬೀ ಮರೆತಳು, ಕತ್ತರಿಯನ್ನು ಮರೆಯಲಿಲ್ಲ. ಆಪರೇಷನ್ ಎಂಬ ಮಾತು ಕೇಳಿದರೆ ಸಾಕು, ಅಲ್ಲಿಂದ ಎದ್ದು ಹೋಗುತ್ತಿದ್ದಳು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದು. ಕುರುಡಿಯ ಕೈಗೆ ಹಸುಗೂಸನ್ನು ಯಾರು ಕೊಡುತ್ತಾರೆ? ಪರ್ವೀನಳ ಬಾಣಂತನ ಮಾಡಿ, ಮೊಮ್ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕಬೇಕೆಂಬ ಒಂದೇ ಆಸೆ ಅವಳದು. ಹೀಗಾಗಿ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಬದುಕು ಸಾಗಿಸಿದ್ದಳು. ಅಡುಗೆಮನೆಯಲ್ಲಿ ಎಲ್ಲದಕ್ಕೂ ಒಂದು ಜಾಗ, ಕೈ ಚಾಚಿದರೆ ಅದೇ ಸಿಗಬೇಕು.

ಆದರೆ ರಂಜಾನ್ ಬಂತೆಂದು ಸೊಸೆ ಅಸ್ಫಿಯಾ ಹಲಗೆಗಳನ್ನೆಲ್ಲ ಒರೆಸಿ, ಡಬ್ಬಿಗಳನ್ನು ಚೆಂದ ಮಾಡಿ ಜೋಡಿಸಿದ್ದಳು. ಪಾಪ, ಅವಳದೇನು ತಪ್ಪು? ಅತ್ತೆ ಕಣ್ಣಿನಿಂದಲ್ಲ, ಕೈಯಿಂದ ನೋಡುತ್ತಾಳೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಮೂರು ದಿನ ಕಾಯಿ ಉಪ್ಪಿನಲ್ಲಿ ನೆನೆಯಿತು. ಆಮೇಲೆ ಖಾರ, ಸಾಸಿವೆ, ಮೆಂತ್ಯ, ಬೆಳ್ಳುಳ್ಳಿ, ಎಣ್ಣೆ ಎಲ್ಲ ಬಿತ್ತು. ಮರುದಿನ ಅಳಿಯ ನಯಾಜ ಕೂಡ್ಲಿಗಿಯಿಂದ ಬರುವಾಗ ಇಳಿದು, ಪರ್ವೀನಳ ಪಾಲಿನ ಜಾಡಿಯನ್ನು ಬಟ್ಟೆಯಲ್ಲಿ ಸುತ್ತಿಸಿಕೊಂಡು ಹರಪನಹಳ್ಳಿ ಬಸ್ಸು ಹತ್ತಿದ. ತೆಲಿಗಿಯಲ್ಲೊಂದು ಕೆಲಸವಿದೆ, ಮುಗಿಸಿಕೊಂಡು ಸಂಜೆಯೊಳಗೆ ಮನೆ ಸೇರುತ್ತೇನೆ ಎಂದಿದ್ದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಖಾಸಿಂ ಬೀಯ ಗಂಡ ಜಿಲಾನಿ ಅಡುಗೆಮನೆಗೆ ಬಂದ. ಜಿಲಾನಿ ಒಂದು ಕಾಲಕ್ಕೆ ಕಾನಹೊಸಹಳ್ಳಿವರೆಗೂ ಊರೂರು ತಿರುಗಿ ತಾಮ್ರ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿದವನು. ಸ್ಟೀಲು ಬಂದಮೇಲೆ ಕೆಂಡ ಊದುವ ತಿದಿ ಮೂಲೆ ಸೇರಿತ್ತು. ಈಗ ಹಬ್ಬದ ಬಿರಿಯಾನಿಗೆಂದು ಯಾರೋ ಹಳೆಯ ತಾಮ್ರದ ದೊಡ್ಡ ಪಾತ್ರೆ, ದೇಗ್ ತೆಗೆಸಿ, ಕಲಾಯಿಗೆ ಹೇಳಿಕಳಿಸಿದ್ದರು. ಅವನು ಹುಡುಕುತ್ತಿದ್ದದ್ದು ನವಸಾಗರದ ಡಬ್ಬಿ; ಅದು ಉಪ್ಪಿನ ಡಬ್ಬಿ ಇರುತ್ತಿದ್ದ ಜಾಗದಲ್ಲಿ ಸಿಕ್ಕಿತು. ಕಾದ ಪಾತ್ರೆಗೆ ಉದುರಿಸಿ ತಿಕ್ಕಿದರೆ ಹೊಗೆ ಎದ್ದು ಪಾತ್ರೆಯ ಕೊಳೆ ಬಿಡಿಸುವ ಬಿಳಿ ಪುಡಿ ಅದು. ನೋಡಲು ಕುಟ್ಟಿದ ಉಪ್ಪಿನಂತೆಯೇ ಇರುತ್ತದೆ.

"ನನ್ನ ನವಸಾಗರ ಯಾರು ತಗೊಂಡ್ರಿ? ಡಬ್ಬ್ಯಾಗ ತಳ ಕಾಣಾಕ ಹತ್ತೈತಿ," ಎಂದ. ಸಿಟ್ಟೇನಿರಲಿಲ್ಲ, ಸುಮ್ಮನೆ ಕೇಳಿದ.

ಖಾಸಿಂ ಬೀ ಮಾಡುತ್ತಿದ್ದ ಕೆಲಸ ನಿಲ್ಲಿಸಿದಳು. ಆವತ್ತು ಮುಷ್ಟಿಯಲ್ಲಿ ಹಿಡಿದ ಉಪ್ಪು ಬೆರಳಿಗೆ ತುಸು ತಣ್ಣಗೆ, ಮೆತ್ತಗೆ ತಾಗಿದ್ದು ನೆನಪಾಯಿತು. ಆಗ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಗಂಡ ಉತ್ತರಕ್ಕೆ ಕಾಯದೆ ತಿದಿ ನೋಡಲು ಹಿತ್ತಲಿಗೆ ಹೋದ. ಅವಳು ತಡವರಿಸುತ್ತ ಮನೆಯ ಜಾಡಿಯ ಬಟ್ಟೆ ಬಿಚ್ಚಿ, ಒಂದು ಬೆರಳು ರಸ ಅಂಗೈಗೆ ತೆಗೆದುಕೊಂಡಳು. ಗಂಡನ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಅದರ ಜೊತೆ ತಿಕ್ಕಿದಳು. ಕಲಾಯಿಯವನ ಹೆಂಡತಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನೆಗಡಿಯಾದಾಗಲೆಲ್ಲ ಜಿಲಾನಿ ಸುಣ್ಣ ನವಸಾಗರ ತಿಕ್ಕಿ ಮೂಸಿಸುತ್ತಿದ್ದ. ಅಂಗೈಯನ್ನು ಮೂಗಿನ ಹತ್ತಿರ ತಂದದ್ದೇ ತಡ, ಘಾಟು ನೆತ್ತಿಗೇರಿ ಕಣ್ಣಲ್ಲಿ ನೀರು ಇಳಿಯಿತು. ಬರಿಯ ಉಪ್ಪಾಗಿದ್ದರೆ ಹೀಗಾಗುತ್ತಿರಲಿಲ್ಲ.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಇಲ್ಲಿ ತಾಯಿಯೇ ಉಪ್ಪು ತಪ್ಪಿದ್ದಳು. ಎರಡು ಸಲ ಖಾಲಿಯಾದ ಮಗಳ ಹೊಟ್ಟೆ ಕಣ್ಣ ಮುಂದೆ ಬಂತು. ಅಸ್ಫಿಯಾಳನ್ನು ಕೂಗಿ ಪರ್ವೀನಳ ನಂಬರು ಒತ್ತಿಸಿದಳು. ಮಗಳು ಎತ್ತಿದಾಗ ಬಾಯಿಗೆ ಬಂದದ್ದು ಸುಳ್ಳು. ಉಪ್ಪಿನಕಾಯಿ ಇನ್ನೂ ಹಸಿಹಸಿ, ಪಾಕ ಕೂಡಿಲ್ಲ, ಹಬ್ಬದವರೆಗೆ ಮುಟ್ಟಬೇಡ ಎಂದಳು.

ಬಸುರಿಯೆಂದು ರೋಜಾ ಬಿಟ್ಟಿದ್ದ ಪರ್ವೀನ್ ನಕ್ಕುಬಿಟ್ಟಳು. ಹಸಿಯದೇ ತನಗೆ ಬೇಕು, ನಯಾಜ ಬರುವುದನ್ನೇ ಕಾಯುತ್ತಿದ್ದೇನೆ, ಬಿಸಿ ಅನ್ನಕ್ಕೆ ಎಸರಿಟ್ಟಿದ್ದೇನೆ ಎಂದು ಹೇಳಿ, ಹಾಲು ಉಕ್ಕಿತೆಂದು ಫೋನು ಇಟ್ಟಳು.

ಇಟ್ಟ ಮೇಲೆ ಖಾಸಿಂ ಬೀ ಒಲೆಯ ಪಕ್ಕ ಕುಸಿದು ಕುಳಿತಳು. ಹೆದರಿಕೆ ಮನುಷ್ಯನಿಂದ ಎಂಥೆಂಥ ಯೋಚನೆ ಮಾಡಿಸುತ್ತದೆ ನೋಡಿ. ಒಂದು ಹೋಳಿನಿಂದ ಏನಾದೀತು ಎಂದುಕೊಂಡಳು. ನವಸಾಗರವನ್ನು ಹಕೀಮರು ಔಷಧಿಗೂ ಹಾಕುತ್ತಾರಂತೆ ಎಂದುಕೊಂಡಳು. ನಯಾಜನಿಗೆ ಹೇಳಿ ಜಾಡಿ ಬೀಳಿಸಿ ಒಡೆಸಿದರೆ ಹೇಗೆ ಎಂದೂ ಎಣಿಸಿದಳು. ಆದರೆ ಯಾಕೆಂದು ಅವನು ಕೇಳಿಯೇ ಕೇಳುತ್ತಾನೆ. ನಿಜ ಹೇಳಿದರೆ ಪರ್ವೀನಳ ಅತ್ತೆ ಏನೆಂದಾಳು? ತವರಿನಿಂದ ವಿಷ ಬಂತು ಎಂದಾಳು. ಕಣ್ಣು ಕಾಣದವಳನ್ನು ಬಾಣಂತಿಯ ಕೋಣೆಗೆ ಬಿಡಬೇಡಿ ಎಂದಾಳು. ತಾನೇ ಆ ಜಾಗದಲ್ಲಿದ್ದರೂ ಹಾಗೇ ಅನ್ನುತ್ತಿದ್ದೆ ಎಂಬುದೂ ಹೊಳೆಯಿತು. ಹೊರಗೆ ಒಂದು ಬಸ್ಸು ಹಾರನ್ ಹೊಡೆಯಿತು. ಅದು ಯಾವ ಊರಿನದೋ ಏನೋ, ಅವಳಿಗೆ ಮಾತ್ರ ನಯಾಜ ಹರಪನಹಳ್ಳಿಯಲ್ಲಿ ಇಳಿದಂತೆಯೇ ಕೇಳಿಸಿತು.

ಎದ್ದಳು. ಸೆರಗು ಕಾಲಿಗೆ ಸಿಕ್ಕಿತು. ಅಸ್ಫಿಯಾಳ ತೋಳು ಹಿಡಿದು, ಮತ್ತೊಮ್ಮೆ ಪರ್ವೀನಳಿಗೆ ಫೋನು ಹಚ್ಚು ಎಂದಳು. ಹಿತ್ತಲಿನಿಂದ ಬಂದ ಜಿಲಾನಿ ಬಾಗಿಲಲ್ಲೇ ನಿಂತಿದ್ದ. ನಿಲ್ಲಲಿ, ಕೇಳಲಿ ಎನಿಸಿತು ಅವಳಿಗೆ.

"ಪರ್ವೀನ್, ಅದನ್ನ ಬಾಯಾಗ ಇಡಬ್ಯಾಡ. ಅದರಾಗ ಇರೋದು ಉಪ್ಪಲ್ಲ, ನಿಮ್ಮಪ್ಪನ ನವಸಾಗರ. ನನಗ ಕಣ್ಣು ಕಾಣವಲ್ದವ್ವಾ. ಎರಡು ವರ್ಷಾತು."

ಅಸ್ಫಿಯಾ ಕೈ ಬಾಯಿಗೆ ಒಯ್ದಳು. ಜಿಲಾನಿ ತನ್ನ ಫೋನಿನಲ್ಲಿ ಅಳಿಯನಿಗೆ ಹಚ್ಚಿದ. ನಯಾಜ ಮನೆಯ ಬಾಗಿಲಿಗೆ ಬಂದಿದ್ದನಂತೆ. ಜಾಡಿಯನ್ನು ಒಳಗೆ ಒಯ್ಯಬೇಡ, ಹಾಗೇ ತಿಪ್ಪೆಗೆ ಸುರಿ ಎಂದು ಜಿಲಾನಿ ಹೇಳುವುದು ಖಾಸಿಂ ಬೀಗೆ ಕೇಳಿಸಿತು. ಅವಳು ಇನ್ನೂ ಮಗಳ ಮಾತಿಗಾಗಿ ಫೋನನ್ನು ಕಿವಿಗೆ ಒತ್ತಿಕೊಂಡಿದ್ದಳು. ಬೈಯಲಿ, ಅಳಲಿ, ಏನಾದರೂ ಅನ್ನಲಿ ಎಂದು ಕಾದಳು.

ಪರ್ವೀನ್ ಬೈಯಲಿಲ್ಲ. ಚಿಕ್ಕವಳಿದ್ದಾಗ ಕತ್ತಲಿಗೆ ಹೆದರಿ ಕರೆಯುತ್ತಿದ್ದಳಲ್ಲ, ಅದೇ ದನಿಯಲ್ಲಿ ಕೇಳಿದಳು.

"ಹಂಗಾದ್ರ ನನ್ನ ಕೂಸಿಗೆ ನೀರು ಹಾಕೋರು ಯಾರಮ್ಮಾ?"

ಎರಡು ವರ್ಷ ಈ ಮಾತಿಗೇ ಖಾಸಿಂ ಬೀ ಹೆದರಿದ್ದಳು. ಬಂದೇಬಿಟ್ಟಿತು. ಆದರೆ ಅವಳು ಎಣಿಸಿದ ಹಾಗೆ, ಬೇಡವೆಂದು ದೂರ ತಳ್ಳುವ ಮಾತಾಗಿ ಬರಲಿಲ್ಲ.

"ನಾನ ಹಾಕ್ತೀನಿ," ಎಂದಳು. "ಕಣ್ಣು ಕೊಯ್ಸಿಕೊಂಡು ಬಂದು ಹಾಕ್ತೀನಿ."

ಹೇಳಿದ ಮೇಲೆ ಗೋಡೆ ಹಿಡಿದುಕೊಂಡಳು. ಅಕ್ಕನ ಕಣ್ಣಿಗೆ ಕಟ್ಟಿದ ಬಿಳಿ ಪಟ್ಟಿ ನೆನಪಾಯಿತು. ಜಿಲಾನಿ ಹತ್ತಿರ ಬಂದು, ಬೈಗುಳ ಬಾಯಿತುದಿಗೆ ಬಂದಿದ್ದರೂ ನುಂಗಿಕೊಂಡು, ಹಬ್ಬ ಮುಗಿದ ಕೂಡಲೇ ತೋರಿಸಿದರಾಯಿತು, ಉಪವಾಸದಲ್ಲಿ ಯಾಕೆ ಅವಸರ ಎಂದು ಸಮಾಧಾನ ಹೇಳಿದ.

ಖಾಸಿಂ ಬೀ ಅವನ ಅಂಗಿಯ ತೋಳನ್ನು ತಡಕಿ ಹಿಡಿದಳು.

"ನಾಳೀನ ಕರ್ಕೊಂಡು ಹೋಗ್ರಿ," ಎಂದಳು. "ನಾಡಿದ್ದು ಅಂದ್ರ ನಾ ಬರಂಗಿಲ್ಲ."