ಬುಧವಾರದ ದರ್ಬಾರು

ಬ್ರಿಟನ್ನಿನ ತೀರಿಹೋದ ರಾಣಿಗೂ ನನಗೂ ಒಂದು ಹೋಲಿಕೆಯಿದೆ ಎಂದರೆ ನೀವು ನಗುತ್ತೀರಿ. ಮನೆಯೊಳಗೂ ಬಿಚ್ಚದ ನನ್ನ ಉಣ್ಣೆ ಟೋಪಿ ನೋಡಿ ನನ್ನ ಗಂಡನೂ ನಕ್ಕರು. ಆದರೆ ಆಕೆ ವಾರಕ್ಕೊಮ್ಮೆ ತನ್ನ ಪ್ರಧಾನಿಯನ್ನು ಕೂರಿಸಿಕೊಂಡು ಅವರ ಮಾತು ಕೇಳುತ್ತಿದ್ದಂತೆ, ನಾನೂ ನೆದರ್ಲೆಂಡ್ಸ್‌ನ ಯುಟ್ರೆಕ್ಟ್ ಊರಿನ ನಮ್ಮ ಅಡುಗೆಮನೆಯಲ್ಲಿ ಬುಧವಾರ ಸಂಜೆ ಒಬ್ಬಳನ್ನು ಕೂರಿಸಿಕೊಂಡು ಕೇಳುತ್ತಿದ್ದೆ. ಆಕೆಯ ಗಂಡ ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದರಂತೆ. ನನ್ನವರು ಚಹಾ ಲೋಟ ಹಿಡಿದು ಕೋಣೆಗೇ ಹೋಗಿಬಿಡುತ್ತಿದ್ದರು.

ರಾಣಿಯ ಆ ಭೇಟಿಗಳು ನನಗೆ ಮೊದಲಿನಿಂದಲೂ ಸೋಜಿಗ. ಕೋಣೆಯಲ್ಲಿ ಮೂರನೆಯವರಿಲ್ಲ, ಬರೆದುಕೊಳ್ಳುವವರೂ ಇಲ್ಲ. ನಿಯಮದ ಪ್ರಕಾರ ಸಲಹೆ ಕೊಡಬೇಕಾದವರು ಪ್ರಧಾನಿ, ಆದರೆ ಮನಸ್ಸು ಹಗುರ ಮಾಡಿಕೊಂಡು ಹೋಗುತ್ತಿದ್ದವರೂ ಅವರೇ. ಮೊದಲನೆಯವರು ಆಕೆಗೆ ಅಜ್ಜನಂತಿದ್ದರು, ಕೊನೆಯವರು ಮಗಳಿಗಿಂತ ಚಿಕ್ಕವರು. ಎಲ್ಲರೂ ಬಂದರು, ಹೋದರು. ಈಕೆ ಕೂತೇ ಇದ್ದಳು. ಎಚ್ಚರಿಸಬಹುದಿತ್ತು, ಹುರಿದುಂಬಿಸಬಹುದಿತ್ತು, ಹೀಗೇ ಮಾಡಿ ಎನ್ನುವಂತಿರಲಿಲ್ಲ. ತೀರಾ ಬೇಸರವಾದರೆ ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದಳಂತೆ. ಅಬ್ಬಾ, ಎಂಥ ಸಂಯಮ ಎಂದು ನಾನು ಮೆಚ್ಚಿಕೊಂಡಿದ್ದೆ.

ನನ್ನ ಪ್ರಧಾನಿ ಸಲ್ಮಾ. ದಾವಣಗೆರೆಯವಳು, ಸ್ಟೇಷನ್ ಪಕ್ಕದ ಐಟಿ ಆಫೀಸಿನಲ್ಲಿ ಕೆಲಸ, ಕೆಳಗಿನ ಮಹಡಿಯಲ್ಲಿ ಒಬ್ಬಳೇ ವಾಸ. ಅವಳಿಗಿಂತ ಮುಂಚೆಯೂ ಕೆಲವರು ಬಂದಿದ್ದರು. ಕೊತ್ತಂಬರಿ ಸೊಪ್ಪು ಎಲ್ಲಿ ಸಿಗುತ್ತದೆಂದು ಕೇಳಿ ತಿಳಿದುಕೊಂಡು, ನೈಮೆಗನ್‌ನಲ್ಲೋ ಇನ್ನೆಲ್ಲೋ ಮನೆ ಮಾಡಿಕೊಂಡು ಹೋದರು. ಇವಳು ಮಾತ್ರ ತಪ್ಪದೆ ಬರುತ್ತಿದ್ದಳು. ಕನ್ನಡದಲ್ಲಿ ಶುರುಮಾಡಿ, ಮ್ಯಾನೇಜರ್ ಮೇಲೆ ಸಿಟ್ಟು ಏರಿದಂತೆ ದಖನಿ ಉರ್ದುವಿಗೆ ಇಳಿಯುತ್ತಿದ್ದಳು. ನನಗೆ ಅರ್ಧ ಅರ್ಥವಾಗುತ್ತಿತ್ತು, ತಲೆ ಮಾತ್ರ ಪೂರ್ತಿ ಆಡಿಸುತ್ತಿದ್ದೆ. ನಿಜ ಹೇಳಬೇಕೆಂದರೆ, ಇಡೀ ವಾರದಲ್ಲಿ ನನ್ನ ಬಾಗಿಲು ತಟ್ಟುತ್ತಿದ್ದವಳು ಅವಳೊಬ್ಬಳೇ.

ಒಂದು ಬುಧವಾರ ಕೂರುತ್ತಲೇ ಕೇಳಿದಳು: "ಆಂಟಿ, ಬೆಂಗಳೂರಿಂದ ಆಫರ್ ಬಂದಿದೆ. ಇಲ್ಲೇ ಪರ್ಮಿಟ್ ರಿನ್ಯೂ ಮಾಡಿಸ್ಲಾ, ಹೋಗ್ಬಿಡ್ಲಾ? ನೀವೇನಂತೀರಾ?"

ಹೋಗಬೇಡ ಎಂಬ ಮಾತು ನಾಲಿಗೆ ತುದಿಗೆ ಬಂತು. ಇನ್ನೊಬ್ಬರ ಮಗಳ ದಾರಿಗೆ ಅಡ್ಡ ಬರಬಾರದು ಎಂದುಕೊಂಡೆ. ರಾಣಿಯ ನೆನಪೂ ಬಂತು ಅನ್ನಿ.

"ನಿನ್ನಿಷ್ಟ ಕಣಮ್ಮ," ಎಂದೆ. "ಎಲ್ಲಿದ್ರೂ ಚೆನ್ನಾಗಿರು."

ಅವಳು ನನ್ನ ಮುಖವನ್ನೇ ನೋಡಿದಳು. ಚಹಾ ಊದಿ ಕುಡಿದು, "ಸರಿ ಆಂಟಿ," ಎಂದಳು.

ಈ ಊರಿನವರು ಹಾಗಲ್ಲ, ಅನ್ನಿಸಿದ್ದನ್ನು ಅಂದುಬಿಡುತ್ತಾರೆ. ನನ್ನ ಹೊಸ ಪರದೆ ಚೆನ್ನಾಗಿಲ್ಲವೆಂದು ಎದುರುಮನೆಯಾಕೆ ಬಾಗಿಲಲ್ಲೇ ನಿಂತು ಹೇಳಿದ್ದಳು. ಇಷ್ಟು ವರ್ಷದಲ್ಲಿ ಸೈಕಲ್ ಕಲಿತೆ, ಮಧ್ಯಾಹ್ನಕ್ಕೆ ತಣ್ಣನೆ ಬ್ರೆಡ್ ತಿನ್ನುವುದನ್ನು ಕಲಿತೆ, ಇದೊಂದನ್ನು ಕಲಿಯಲಿಲ್ಲ.

ಕಳೆದ ತಿಂಗಳು ಅವಳನ್ನು ವಿಮಾನ ನಿಲ್ದಾಣದ ರೈಲು ಹತ್ತಿಸಲು ಹೋಗಿದ್ದೆ. ಅಪ್ಪಿಕೊಂಡು ಹೇಳಿದಳು: "ಒಂದ್ಸಲ ಹೋಗ್ಬೇಡ ಅಂದಿದ್ರೆ ಇದ್ಬಿಡ್ತಿದ್ದೆ ಆಂಟಿ. ನಿಮಗೇನೂ ಅನ್ನಿಸ್ಲಿಲ್ಲ ಅನ್ಕೊಂಡೆ." ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಹತ್ತಿದಳು, ರೈಲಿನ ಬಾಗಿಲು ಮುಚ್ಚಿತು.

ಈಗ ಬುಧವಾರ ಸಂಜೆ ನನ್ನವರು ಚಹಾ ಲೋಟ ಹಿಡಿದು ಸಲ್ಮಾ ಕೂರುತ್ತಿದ್ದ ಕುರ್ಚಿಯಲ್ಲಿ ಬಂದು ಕೂರುತ್ತಾರೆ, ಪಾಪ, ಏನು ಮಾತಾಡಬೇಕೆಂದು ತಿಳಿಯದೆ. ರಾಣಿಗೂ ಯಾರೋ ಒಬ್ಬ ಪ್ರಧಾನಿಯ ತೋಳು ಹಿಡಿದು, ಇನ್ನೂ ನಾಲ್ಕು ದಿನ ಇರಿ ಎನ್ನಬೇಕೆನಿಸಿದ್ದೀತು. ಆಕೆ ಅನ್ನುವಂತಿರಲಿಲ್ಲ, ತಲೆಯ ಮೇಲೆ ಕಿರೀಟವಿತ್ತು. ನನ್ನ ತಲೆಯ ಮೇಲಿದ್ದದ್ದು ಬರೀ ಉಣ್ಣೆ ಟೋಪಿ.